ಆನ್‌ಲೈನ್‌ನಲ್ಲಿ ಸಿಗುವ ಫಿಲಂಗೆ ಇಷ್ಟೊಂದು ದುಡ್ಡು ಯಾಕೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನನ್ನ ಗಂಡನಿಗೆ ಹಳೇ 16 ಎಂಎಂ (ಅಗಲದ) ಸಿನಿಮಾ ರೀಲು ಕೂಡಿಡುವ ಹುಚ್ಚು. ಅದೂ ಹಾಡು, ಕಥೆ ಇರೋ ಸಿನಿಮಾ ಅಲ್ಲ, 1940–60ರ ಕಾಲದ ತಲೆಬುಡ ತಿಳಿಯದ ಪ್ರಯೋಗಗಳು. ಮೊನ್ನೆ ಅಂಥ ಚಿತ್ರಗಳ ನಿರ್ದೇಶಕಿ ಮಾಯಾ ಡೆರೆನ್ ಅವರ ‘ಮೆಶಸ್ ಆಫ್ ದಿ ಆಫ್ಟರ್‌ನೂನ್’ ತಂದರು. 14 ನಿಮಿಷದ ಚಿತ್ರ. ಅಂಚಿನ ಗುರುತು ತೋರಿಸಿ ‘1943ರದ್ದೇ ಪ್ರಿಂಟ್’ ಅಂತ ಮಾರಿದ್ದಾರೆ. ನಂಬಬಹುದಾ? ಅಷ್ಟಕ್ಕೂ ಇದರಲ್ಲಿ ಅಂಥದ್ದೇನಿದೆ?

ಉತ್ತರ (ಫಿಲಂ ಸಂರಕ್ಷಣೆ ನನ್ನ ಕೆಲಸ): ಗುರುತೊಂದನ್ನೇ ನಂಬಬೇಡಿ. ಕೊಡಕ್ ಕಂಪನಿ ಫಿಲಂ ತಯಾರಾದ ವರ್ಷಕ್ಕೆ ತಕ್ಕಂತೆ ಅಂಚಿನಲ್ಲಿ ಚೌಕ, ವೃತ್ತ, ತ್ರಿಕೋನ ಹಾಕುತ್ತಿತ್ತು. ಆದರೆ 20 ವರ್ಷಕ್ಕೊಮ್ಮೆ ಅದೇ ಗುರುತು ಮರಳುತ್ತಿತ್ತು. 1943ಕ್ಕೂ 1963ಕ್ಕೂ ಒಂದೇ! ಸಾಲದ್ದಕ್ಕೆ ನೆಗೆಟಿವ್‌ನ ಗುರುತು ಪ್ರಿಂಟ್‌ಗೂ ಇಳಿದಿರಬಹುದು.

ತೂತುಗಳನ್ನು ನೋಡಿ. ಎರಡೂ ಅಂಚಿನಲ್ಲಿವೆಯಾ? ಒಂದೇ ಕಡೆ ಇದ್ದು, ಇನ್ನೊಂದು ಕಡೆ ಅಲೆಯಂಥ ಗೆರೆ ಓಡಿದ್ದರೆ ಅದು ಸೌಂಡ್ ಟ್ರ್ಯಾಕ್. ಈ ಚಿತ್ರ ಹುಟ್ಟಿದ್ದು ಮೂಕಿಯಾಗಿ. ಟೇಜಿ ಇಟೊ ಅವರ ಸಂಗೀತ ಸೇರಿದ್ದು 1959ರಲ್ಲಿ.

ನಿಮ್ಮ ಯಜಮಾನರಿಗೆ ಹಿಡಿದಿರೋದು ಈ ಪತ್ತೇದಾರಿಯ ರುಚಿಯೇ ಇರಬೇಕು. ಇವು ಊರೂರಿನ ಥಿಯೇಟರಿಗೆ ಬಂದ ಚಿತ್ರಗಳಲ್ಲ. 1946ರಲ್ಲಿ ಡೆರೆನ್ ತಾವೇ ನ್ಯೂಯಾರ್ಕಿನ ಒಂದು ನಾಟಕಶಾಲೆ ಬಾಡಿಗೆ ಹಿಡಿದು ಪ್ರದರ್ಶನ ಇಟ್ಟರು. ಹಾಗಾಗಿ ಪ್ರತಿ ಪ್ರಿಂಟೂ ಎಲ್ಲೆಲ್ಲಿ ಸುತ್ತಿ ಬಂತು ಅನ್ನೋದೇ ಒಂದು ಕಥೆ. ಇನ್ನು ಇಂಥದ್ದೇ ಪ್ರಯೋಗ ಮಾಡುತ್ತಿದ್ದ ನಿರ್ದೇಶಕ ಸ್ಟಾನ್ ಬ್ರಾಕೇಜ್ 1963ರಲ್ಲಿ ಕ್ಯಾಮೆರಾ ಇಲ್ಲದೆಯೇ ಪತಂಗದ ರೆಕ್ಕೆ, ಎಲೆಗಳನ್ನು ಟೇಪಿನ ನಡುವೆ ಅಂಟಿಸಿ ‘ಮಾತ್‌ಲೈಟ್’ ಮಾಡಿದರು. ಪರದೆ ಮೇಲೆ ಒಂದೊಂದು ಫ್ರೇಮು ಸೆಕೆಂಡಿನ 24ನೇ ಒಂದು ಭಾಗ ಮಾತ್ರ. ಪ್ರಿಂಟ್ ಕೈಲಿದ್ದರೆ ಕಿಟಕಿ ಬೆಳಕಿಗೆ ಹಿಡಿದು ರೆಕ್ಕೆಯ ನರ ನೋಡುತ್ತಾ ಕೂರಬಹುದು. ಫೋನಲ್ಲಿ ಅದು ಆಗಲ್ಲ, ಅಲ್ವಾ?

ಪ್ರಶ್ನೆ: ನೋಡಿದ್ವಿ. ತೂತು ಒಂದೇ ಕಡೆ, ಗೆರೆಯೂ ಇದೆ. ಮನೆಯಲ್ಲಿ ಈಗ ಪೂರ್ತಿ ಮೂಕಿ! ಡಬ್ಬಿ ತೆಗೆದರೆ ವಿನೆಗರ್ ವಾಸನೆ ಬೇರೆ.

ಉತ್ತರ: ಹಾಗಾದರೆ 1943ರದ್ದಲ್ಲ. ದುಡ್ಡಿನ ಬಗ್ಗೆ ಮಾರಿದವರ ಹತ್ತಿರ ಮಾತಾಡಿ. ಆದರೆ ವಾಸನೆ ಅದಕ್ಕಿಂತ ಜಾಸ್ತಿ ಚಿಂತೆಯ ವಿಷಯ. ಅಸಿಟೇಟ್ ಅನ್ನೋ ಪ್ಲಾಸ್ಟಿಕ್‌ನಿಂದ ಮಾಡಿದ ಫಿಲಂ ಕೊಳೆಯಲು ಶುರುವಾಗಿದೆ. ಆ ಆವಿ ಪಕ್ಕದ ರೀಲುಗಳನ್ನೂ ಕೆಡಿಸುತ್ತದೆ. ಇವತ್ತೇ ಬೇರೆ ಕೋಣೆಗೆ ಸಾಗಿಸಿ, ತಂಪಾಗಿ ಒಣಗಿರುವ ಜಾಗದಲ್ಲಿಡಿ. ಫಿಲಂ ಕುಗ್ಗಿದೆಯಾ ಅಂತ ತಿಳಿದವರು ಅಳೆದು ನೋಡುವ ತನಕ ಪ್ರೊಜೆಕ್ಟರ್‌ಗೆ ಹಾಕಬೇಡಿ. ಕುಗ್ಗಿದ್ದರೆ ತೂತುಗಳು ಹರಿದುಹೋಗುತ್ತವೆ.