ಚಿಕ್ಕಮಗಳೂರು: ಹಳೇ ಮನೆ, ನಾಲ್ಕು ಪೋರ್ಶನ್, ಒಂದೇ ಡೋರ್ ನಂಬರ್. ಫೈಬರ್ ಹಾಕಿಸುವುದು ಹೇಗೆ?

ಮಹಡಿ ಮನೆ, ಬಸವನಹಳ್ಳಿ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ ಒಂದು ಹಳೇ ಹಂಚಿನ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇನೆ. ಮೊದಲು ಇಡೀ ಮನೆ ಒಂದೇ ಕುಟುಂಬದ್ದು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ಕೆಳಗೆ ಎರಡು, ಮೇಲೆ ಎರಡು ಅಂತ ನಾಲ್ಕು ಪೋರ್ಶನ್ ಆಗಿದೆ. ನನ್ನದು ಮೇಲೆ, ಹಿಂಭಾಗ. ಹಿಂದೆ ಅಲ್ಲಿ ಕಾಫಿ ಮೂಟೆ ಇಡುತ್ತಿದ್ದರಂತೆ. ಈಗ ಒಂದು ಹಾಲ್, ಒಂದು ರೂಮ್, ಸಣ್ಣ ಅಡುಗೆಮನೆ. ಮೆಟ್ಟಿಲು ಹಿತ್ತಲ ಕಡೆಯಿಂದ.

ನಾನು ಮನೆಯಿಂದಲೇ ಜಿಎಸ್‌ಟಿ ರಿಟರ್ನ್ ಫೈಲ್ ಮಾಡುತ್ತೇನೆ. ಆಲ್ದೂರು, ಮೂಡಿಗೆರೆ ಕಡೆಯ ಅಂಗಡಿಯವರು, ಕಾಫಿ ವ್ಯಾಪಾರ ಮಾಡುವವರು ಸೇರಿ 34 ಜನ ನನ್ನನ್ನು ನಂಬಿಕೊಂಡಿದ್ದಾರೆ. ರಿಟರ್ನ್ ಹಾಕಲು ಕೊನೇ ದಿನಗಳಾದ ತಿಂಗಳ 11 ಮತ್ತು 20ನೇ ತಾರೀಖು ಬಂದರೆ ನನಗೆ ಊಟ ಸೇರುವುದಿಲ್ಲ. 20ಕ್ಕೆ ಹಾಕಬೇಕಾದ 3ಬಿ ಅನ್ನುವ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಅದು ಅವರ ಜೇಬಿನಿಂದ ಹೋಗುವುದು, ತಪ್ಪು ಅವರದ್ದಲ್ಲ. ಇಷ್ಟು ದಿನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ನಡೆಸಿದೆ. ಮಳೆ ಹಿಡಿದು ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಸಿಗ್ನಲ್ಲೂ ಹೋಗುತ್ತದೆ. ಕಳೆದ ತಿಂಗಳು ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಇರುವ ಗೆಳತಿಯ ಮನೆಗೆ ಓಡಿದ್ದೇನೆ.

ಫೈಬರ್‌ಗೆ ದುಡ್ಡು ಕಟ್ಟಿ ಏಳು ವಾರ ಆಯಿತು. ಯಾವ ಕಂಪನಿ ಅಂತ ಬರೆಯುವುದಿಲ್ಲ, ಜಗಳ ನನ್ನ ಉದ್ದೇಶ ಅಲ್ಲ. ಕಂಬ ಇರುವುದು ನಮ್ಮ ಜಗಲಿಯಿಂದ ಹನ್ನೆರಡು ಹೆಜ್ಜೆಗೆ. ನಾನೇ ನಡೆದು ಎಣಿಸಿದ್ದೇನೆ. ಅದರ ಮೇಲೆ ಅವರದ್ದೇ ಬಾಕ್ಸ್ ಕಾಣುತ್ತದೆ.

ಮೊದಲ ಸಲ ಬಂದ ಹುಡುಗ ಕೆಳಗಿನಿಂದಲೇ ನೋಡಿ, ಏಣಿ ಸಾಲುವುದಿಲ್ಲ ಅಂತ ಹೋದ. ಎರಡನೇ ಸಲ ಬಂದವರು ಹಾಲ್ ಗೋಡೆಗೆ ಡ್ರಿಲ್ ಇಟ್ಟರು. ಗೋಡೆ ಮಣ್ಣಿನದು, ಒಂದೂವರೆ ಅಡಿ ದಪ್ಪ. ಡ್ರಿಲ್ ಒಂದು ಗೇಣು ಒಳಗೆ ಹೋಗುವಷ್ಟರಲ್ಲಿ ಕೆಂಪು ಮಣ್ಣು ಪುಡಿಪುಡಿಯಾಗಿ ಸುರಿಯತೊಡಗಿತು. ಆಚೆ ಬದಿ ಇನ್ನೂ ಸಿಗಲಿಲ್ಲ. ಸದ್ದು ಕೇಳಿ ಕೆಳಗಿನಿಂದ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಅವರಿಗೆ ಎಂಬತ್ತು ದಾಟಿದೆ. ಏನೂ ಬೈಯಲಿಲ್ಲ. ಬಂದು ಆ ತೂತಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟರು. ಮಣ್ಣು ಅವರ ಬೆರಳ ಸಂದಿಯಿಂದ ಇಳಿಯುತ್ತಿತ್ತು. ನಾನೇ ಡ್ರಿಲ್ ನಿಲ್ಲಿಸಿ ಅಂದೆ. ಆ ಗೋಡೆ ಅವರ ಮಾವ ಕಟ್ಟಿಸಿದ್ದು. ಇನ್ನೊಂದು ತೂತು ಮಾಡಿ ಅಂತ ಹೇಳಲು ನನಗೆ ಮನಸ್ಸಿಲ್ಲ.

ಮೂರನೇ ಸಲ ಯಾರೂ ಬರಲೇ ಇಲ್ಲ. ಫೋನ್ ಮಾಡಿದರೆ, ನಿಮ್ಮ ಡೋರ್ ನಂಬರ್‌ಗೆ ಆಗಲೇ ಕನೆಕ್ಷನ್ ಇದೆ, ಅರ್ಜಿ ಕ್ಯಾನ್ಸಲ್ ಆಗಿದೆ ಅಂದರು. ಇರುವುದು ಕೆಳಗಿನ ಮುಂಭಾಗದವರಿಗೆ! ನಾಲ್ಕು ಸಂಸಾರ ಇದ್ದರೂ ಅವರ ಕಂಪ್ಯೂಟರ್‌ನಲ್ಲಿ ಇದು ಒಂದೇ ಮನೆ.

ಗೋಡೆ ಕೊರೆಯದೆ ಒಳಗೆ ತರಲು ದಾರಿ ಇದೆಯಾ? ಡೋರ್ ನಂಬರ್ ತೊಡಕು ಯಾರಾದರೂ ಬಿಡಿಸಿಕೊಂಡಿದ್ದೀರಾ? ಕೆಳಗಿನವರ ವೈಫೈ ಹಂಚಿಕೊಳ್ಳಿ ಅಂತ ಕೆಲವರು ಹೇಳುತ್ತಿದ್ದಾರೆ. ಅದು ಸರಿಯಾ?

ಲೈನ್ ಕೆಲಸ, ಕಡೂರು

ಅಕ್ಕ, ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹಂಚಿನ ಮನೆಗೆ ಗೋಡೆ ಕೊರೆಯುವ ಅಗತ್ಯವೇ ಬರುವುದಿಲ್ಲ. ಗೋಡೆ ಮುಗಿದು ತೊಲೆ ಕೂತಿರುವ ಜಾಗದಲ್ಲಿ, ಹಂಚಿನ ಕೆಳಗೆ ಸಂದಿ ಇದ್ದೇ ಇರುತ್ತದೆ. ಅದಕ್ಕೂ ಮೊದಲು ಹಳೇ ಲ್ಯಾಂಡ್‌ಲೈನ್ ಅಥವಾ ಟಿವಿ ಕೇಬಲ್ ಬಂದಿದ್ದ ತೂತು ಹುಡುಕಿ. ಕಿಟಕಿ ಚೌಕಟ್ಟಿನ ಮೂಲೆ ನೋಡಿ. ಬಣ್ಣ ಹೊಡೆದು ಮುಚ್ಚಿಹೋಗಿರುತ್ತದೆ.

ಡ್ರಾಪ್ ವೈರ್, ಅಂದರೆ ಕಂಬದಿಂದ ಮನೆಗೆ ಎಳೆಯುವ ಫೈಬರ್ ವೈರ್, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ, ಅಷ್ಟೇ. ತೂತು ದೊಡ್ಡದು ಬೇಕಾಗುವುದು ತುದಿಯ ಕನೆಕ್ಟರ್‌ಗೆ. ರೆಡಿ ಕನೆಕ್ಟರ್ ಇರುವ ವೈರ್ ತಂದರೆ ಒಪ್ಪಬೇಡಿ. ಬರೀ ವೈರ್ ಒಳಗೆ ಎಳೆದು, ಆಮೇಲೆ ತುದಿಗೆ ಕನೆಕ್ಟರ್ ಹಾಕಲಿ. ಅದು ಹತ್ತು ನಿಮಿಷದ ಕೆಲಸ. ಮೂಲೆಯಲ್ಲಿ ವೈರ್ ಮಡಚಬಾರದು. ಕೈಬಳೆಯಷ್ಟು ಅಗಲವಾಗಿ ತಿರುಗಿಸಬೇಕು. ಬಿಗಿಯಾಗಿ ಬಗ್ಗಿಸಿದರೆ ಬೆಳಕು ಅಲ್ಲೇ ಸೋರುತ್ತದೆ. ಈಗಿನ ಫೈಬರ್ ಇನ್ನೂ ಸಣ್ಣ ಸುತ್ತು ತಡೆಯುತ್ತದೆ ನಿಜ, ಆದರೆ ನಿಮಗೆ ಯಾವ ವೈರ್ ಹಾಕುತ್ತಾರೋ ಗೊತ್ತಿಲ್ವಲ್ಲ.

ಕೆಲಸ ಮುಗಿದ ಮೇಲೆ ವೈರ್‌ನಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರ್ ಹಿಡಿಸಿ, ರೀಡಿಂಗ್ ನೀವೇ ನೋಡಿ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಇದ್ದರೆ ಇವತ್ತು ಓಡುತ್ತದೆ, ನಾಳೆ ಮೋಡೆಮ್‌ನಲ್ಲಿ ಕೆಂಪು ಲೈಟ್ ಬರುತ್ತದೆ. ವೈರ್ ತುದಿಯನ್ನು ಕಣ್ಣಿನ ಹತ್ತಿರ ಮಾತ್ರ ಹಿಡಿಯಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಇರುತ್ತದೆ.

ಡೋರ್ ನಂಬರ್ ವಿಷಯ. ನಿಮ್ಮ ಪೋರ್ಶನ್‌ಗೆ ಬೇರೆ ಮೀಟರ್ ಇದೆಯಾ? ಇದ್ದರೆ ಕರೆಂಟ್ ಬಿಲ್ಲಿನಲ್ಲಿ ನಿಮ್ಮದೇ ಆರ್‌ಆರ್ ನಂಬರ್ ಇರುತ್ತದೆ. ಆ ಬಿಲ್ಲು, ಬಾಡಿಗೆ ಕರಾರು, ಮನೆಯವರ ಒಪ್ಪಿಗೆ ಪತ್ರ ಮೂರನ್ನೂ ಕೊಟ್ಟು ಹೊಸದಾಗಿ ಅರ್ಜಿ ಹಾಕಿ. ವಿಳಾಸದಲ್ಲಿ ‘ಒಂದನೇ ಮಹಡಿ, ಹಿಂಭಾಗ’ ಅಂತ ಸೇರಿಸಿ. ನಮ್ಮಲ್ಲಿ ಹೀಗೇ ಮಾಡಿಸುತ್ತೇವೆ.

ಇನ್ನೊಂದು ಮಾತು. ಕಂಬದ ಮೇಲೆ ಬಾಕ್ಸ್ ಇದ್ದ ಮಾತ್ರಕ್ಕೆ ಜಾಗ ಇದೆ ಅಂತಲ್ಲ. ಒಂದು ಮನೆಗೆ ಒಂದು ಪೋರ್ಟ್ ಬೇಕು, 8 ಪೋರ್ಟಿನ ಬಾಕ್ಸ್ ತುಂಬಿದ್ದರೆ ಹುಡುಗರು ಏನಾದರೂ ಒಂದು ನೆಪ ಹೇಳಿ ಹೋಗುತ್ತಾರೆ. ಪೋರ್ಟ್ ಖಾಲಿ ಇದೆಯಾ ಅಂತ ನೇರವಾಗಿ ಕೇಳಿ.

ಸಾಲಗಾಮೆ ರಸ್ತೆ, ಹಾಸನ

ಮೇಡಂ, ಹಂಚಿಕೊಳ್ಳುವ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಾವೂ ಮಹಡಿ ಬಾಡಿಗೆಯವರು. ಕೆಳಗಿನವರ ರೌಟರ್‌ನಿಂದ ಹೊರಗೋಡೆಯ ಮೇಲೆ ಲ್ಯಾನ್ ಕೇಬಲ್ ಎಳೆದುಕೊಂಡಿದ್ದೆವು. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಗುಡುಗು ಸಿಡಿಲು ಬಂದ ಸಂಜೆ ಅವರ ರೌಟರ್, ನನ್ನ ಕಂಪ್ಯೂಟರ್ ಎರಡೂ ಒಟ್ಟಿಗೆ ಹೋದವು. ಲ್ಯಾನ್ ಕೇಬಲ್ ತಾಮ್ರ, ಸಿಡಿಲಿನ ಹೊಡೆತ ಸಾಗಿಸುತ್ತದೆ. ಗಾಜಿನ ಫೈಬರ್ ಸಾಗಿಸುವುದಿಲ್ಲ. ಆದರೆ ಡ್ರಾಪ್ ವೈರ್‌ನಲ್ಲಿ ಗಟ್ಟಿಗೆ ಅಂತ ಉಕ್ಕಿನ ತಂತಿ ಇರುವುದುಂಟು. ಎಫ್‌ಆರ್‌ಪಿ ಅಂತ ತಂತಿ ಇಲ್ಲದ್ದೂ ಬರುತ್ತದೆ, ಅದನ್ನೇ ಕೇಳಿ. ಅಲ್ಲದೆ ನಿಮ್ಮದು ಬೇರೆಯವರ ಲೆಕ್ಕಪತ್ರದ ಕೆಲಸ. ಇನ್ನೊಬ್ಬರು ರಾತ್ರಿ ಸ್ವಿಚ್ ಆಫ್ ಮಾಡಿ ಮಲಗಿದರೆ ಏನು ಮಾಡುತ್ತೀರಿ?

ದುಡ್ಡು ಕಟ್ಟಿ ಏಳು ವಾರ ಆಗಿದೆಯಲ್ಲ. ಫೋನಿನಲ್ಲಿ ಮಾತಾಡಿ ಸುಮ್ನೆ ಬಿಡಬೇಡಿ. ಪ್ರತಿ ಸಲ ದೂರಿಗೆ ಕೊಡುವ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಆಗಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಮಹಡಿ ಮನೆ, ಬಸವನಹಳ್ಳಿ

ಇಬ್ಬರಿಗೂ ತುಂಬಾ ಧನ್ಯವಾದ. ಇವತ್ತು ಬೆಳಗ್ಗೆ ಅಜ್ಜಿಯನ್ನೇ ಕೇಳಿದೆ. ಮೇಲೆ ಫೋನ್ ಇತ್ತಾ ಅಂದೆ. ಇತ್ತಲ್ಲ, ಮೂಟೆ ಲೆಕ್ಕ ಹೇಳಲು ನಮ್ಮೆಜಮಾನರು ಇಟ್ಟುಕೊಂಡಿದ್ದರು ಅಂದರು. ನನ್ನನ್ನು ಕರೆದುಕೊಂಡು ಹೋಗಿ ರೂಮಿನ ಕಿಟಕಿಯ ಎಡಮೂಲೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ಹಸಿರು ಪೇಂಟಿನ ಕೆಳಗೆ ಕಪ್ಪು ವೈರಿನ ತುಂಡು ಇನ್ನೂ ಅಲ್ಲೇ ಇದೆ! ಮೀಟರ್ ಕೂಡ ನನ್ನದು ಬೇರೆಯೇ. ಒಪ್ಪಿಗೆ ಪತ್ರಕ್ಕೆ ಅಜ್ಜಿ ಆಗಲೇ ಸಹಿ ಹಾಕಿಕೊಟ್ಟಿದ್ದಾರೆ.

ಮಹಡಿ ಮನೆ, ಬಸವನಹಳ್ಳಿ (ಹದಿಮೂರು ದಿನದ ನಂತರ)

ಕನೆಕ್ಷನ್ ಬಂತು. ನಿಮ್ಮ ಊಹೆ ಸರಿ ಇತ್ತು, ಹತ್ತಿರದ ಬಾಕ್ಸ್ ತುಂಬಿತ್ತು. ನೇರವಾಗಿ ಕೇಳಿದ ಮೇಲೆ ಒಪ್ಪಿಕೊಂಡು, ಆಚೆ ಬೀದಿಯ ಬಾಕ್ಸ್‌ನಿಂದ ಎಳೆದರು. ಫೋನ್ ವೈರಿನ ತೂತಿನಲ್ಲೇ ಬಂದಿದೆ, ಗೋಡೆ ಮುಟ್ಟಲಿಲ್ಲ. ರೀಡಿಂಗ್ ಮೈನಸ್ 21. ಕರೆಂಟ್ ಹೋದಾಗ ಇರಲಿ ಅಂತ ಮೋಡೆಮ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದ್ದೇನೆ. ಡ್ರಿಲ್ ಮಾಡಿದ ತೂತನ್ನು ಅಜ್ಜಿ ಕೆಮ್ಮಣ್ಣು ಕಲಸಿ ತಾವೇ ಮುಚ್ಚಿದರು. ನಾನು ಸ್ಟೂಲ್ ಹಿಡಿದುಕೊಂಡಿದ್ದೆ.

ಒಂದು ಕೇಳುವುದಿದೆ. ಐದಾರು ಮೀಟರ್ ಹೆಚ್ಚಿನ ವೈರ್ ಸುತ್ತಿ ಹಂಚಿನ ಮೇಲೆ ಬಿಟ್ಟು ಹೋಗಿದ್ದಾರೆ. ಇಲ್ಲಿ ಕೋತಿ ಕಾಟ ಜಾಸ್ತಿ. ಕತ್ತರಿಸಿಬಿಡಲಾ?

ಲೈನ್ ಕೆಲಸ, ಕಡೂರು

ಕತ್ತರಿಸಬೇಡಿ ಅಕ್ಕ. ಮುಂದೆ ತುದಿ ಕೆಟ್ಟರೆ ಹೊಸ ಕನೆಕ್ಟರ್ ಹಾಕಲು ಅದೇ ಬೇಕು. ಹಂಚಿನ ಮೇಲಿನಿಂದ ತೆಗೆಸಿ ಸೂರಿನ ಕೆಳಗೆ, ಒಳಬದಿಯ ತೊಲೆಗೆ ಕಟ್ಟಿಸಿ. ಸುತ್ತು ಊಟದ ತಟ್ಟೆಯಷ್ಟು ಅಗಲ ಇರಲಿ, ಟ್ಯಾಗ್ ಬಿಗಿಯಾಗಿ ಎಳೆಯಬೇಡಿ. ಕೋತಿ ನೇತಾಡುವುದನ್ನು ಕಂಡರೆ ಎಳೆಯುತ್ತದೆ, ಕಾಣದಿದ್ದರೆ ಬಿಡುತ್ತದೆ.