ಸಹಾಯ ಬೇಕು: ಕೆಲಸದ ಜೊತೆ ಕಾರ್ಮಿಕ ಕಾನೂನು ಪಿಜಿ ಡಿಪ್ಲೊಮಾ

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸದಲ್ಲಿದ್ದೇನೆ. ಕೆಲಸ ಬಿಡದೆ ಕಾರ್ಮಿಕ ಕಾನೂನಿನಲ್ಲಿ ಪಿಜಿ ಡಿಪ್ಲೊಮಾ ಓದುತ್ತಿದ್ದೇನೆ. ಓದಿಗೆ ಸಿಗುವುದು ರಾತ್ರಿ ಊಟ ಆದಮೇಲಿನ ಹೊತ್ತು ಮತ್ತು ಭಾನುವಾರ, ಅಷ್ಟೇ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ 29 ಕಾಯ್ದೆಗಳ ಜಾಗದಲ್ಲಿ ಈಗ ಇವೇ. ಆದರೆ ನನ್ನ ಕೈಯಲ್ಲಿರುವ ನೋಟ್ಸ್ ಪೂರ್ತಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯದ್ದು. 1978ರ ಬೆಂಗಳೂರು ಜಲಮಂಡಳಿ ಪ್ರಕರಣವನ್ನೇ ನೋಡಿ. ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳೂ ಆ ಕಾಯ್ದೆ ಹೇಳುವ ‘ಕೈಗಾರಿಕೆ’ಯ ವ್ಯಾಪ್ತಿಗೆ ಬರಬಹುದು ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ದತ್ತಿ, ಸಮಾಜಸೇವಾ ಸಂಸ್ಥೆಗಳನ್ನು ಈ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾದರೆ ಪರೀಕ್ಷೆಯಲ್ಲಿ ಈ ತೀರ್ಪನ್ನು ಹೇಗೆ ಬರೆಯಬೇಕು?

ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ಮೊನ್ನೆ ಹೊಲಿಗೆ ವಿಭಾಗದ ಹೆಣ್ಣುಮಗಳೊಬ್ಬರು ನೇಮಕಾತಿ ಪತ್ರ ಹಿಡಿದುಕೊಂಡು ಬಂದು, "ಸರ್, ಕಾಂಟ್ರ್ಯಾಕ್ಟ್ ಮುಗಿದ ಮೇಲೆ ನನಗೆ ಗ್ರಾಚ್ಯುಟಿ ಬರುತ್ತಾ?" ಎಂದು ಕೇಳಿದರು. ನಿಗದಿತ ಅವಧಿಯ ನೌಕರರಿಗೆ ಈಗ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ದುಡಿದರೆ ಸಾಕು. ಇಂಥದ್ದನ್ನು ಸರಿಯಾಗಿ ತಿಳಿದು ಹೇಳಬೇಕು, ಅಲ್ವಾ?

ಹಳೆಯ ಸೆಕ್ಷನ್ ಹೊಸದರಲ್ಲಿ ಎಲ್ಲಿದೆ ಅಂತ ಹೊಂದಿಸಿದ ಪಟ್ಟಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಕೆಲಸ ಮಾಡುತ್ತಲೇ ಓದಿ ಪಾಸಾದವರು ಸಮಯ ಹೇಗೆ ಹೊಂದಿಸಿದಿರಿ, ತಿಳಿಸಿ. ಭಾನುವಾರ ಜೊತೆಗೆ ಕೂತು ಓದುವವರಿದ್ದರೂ ಮೆಸೇಜ್ ಮಾಡಿ. ವೇತನ ಸಂಹಿತೆಯ ನನ್ನ ಕನ್ನಡ ಟಿಪ್ಪಣಿ ಕೊಡುತ್ತೇನೆ.