ಅಪ್ಪಾರ ಕಾಲದ ಸ್ಪೀಕರ್, ಫೋಮ್ ಪುಡಿ ಪುಡಿ ಆಗ್ಯಾದ, ಉಸ್ತಾದರು ಜರಾ ಹೇಳ್ರಿ

ಪ್ರಶ್ನೆ (ಕಲಬುರಗಿ):
ಉಸ್ತಾದ್ರ ನಮಸ್ಕಾರ್ರಿ. ನಮ್ಮ ಅಪ್ಪಾರು 1984ರಾಗ ಹೈದರಾಬಾದಿಗಿ ಹೋಗಿ ಒಂದು ಜೋಡಿ ಸ್ಪೀಕರ್ ತಂದಿದ್ರು, ಸಾಗವಾನಿ ಪೆಟ್ಟಿಗಿ, ಮುಂದ ಕಂದು ಬಣ್ಣದ ಬಟ್ಟಿ, ಒಳಗ ದಪ್ಪ ದನಿಗಿ (ಬೇಸ್) 8 ಇಂಚಿನ ವೂಫರ್ ಒಂದು, ಚೂಪು ದನಿಗಿ ಗುಮ್ಮಟದಂಥ ಸಣ್ಣ ಟ್ವೀಟರ್ ಒಂದು. ಹದಿನೈದು ವರ್ಷ ಅಟ್ಟದ ಮ್ಯಾಲ ಚಾದರ ಸುತ್ತಿ ಇಟ್ಟಿದ್ವಿ, ಯಾರೂ ಮುಟ್ಟಿಲ್ಲ. ಈಗ ಮ್ಯಾಲಿನ ಖೋಲಿ ಖಾಲಿ ಆಯ್ತು, ಅಲ್ಲಿ ಒಂದು ಮ್ಯೂಸಿಕ್ ರೂಮ್ ಮಾಡಮ ಅಂತ ಇಳಿಸಿ ಬಟ್ಟಿ ತಗದು ನೋಡ್ತೀನಿ, ಪರ್ದಾದ (ಹಿಂದ ಮುಂದ ಆಡೋ ಕಾಗದದ ಕೋನ್) ಸುತ್ತಲಿನ ಫೋಮ್ ಬೆಲ್ಲದ ಪಾಕದಂಗ ಆಗ್ಯಾದ, ಬೆರಳು ಹಚ್ಚಿದ್ರ ಉದುರ್ತದ. ಬಳಸಿಲ್ಲ ಅಂದ್ರೂ ಹೆಂಗ್ ಹಾಳಾಯ್ತು? ಇಲ್ಲೇ ಒಂದು ಅಂಗಡ್ಯಾಗ ಒಂದಕ್ಕ ರಬ್ಬರ್ ಹಚ್ಚಿಸ್ದೆ, ಆವಾಜ್ ಬರ್ತದ ಖರೆ ಆದ್ರ ತಬಲಾದ ಬಾಯಾ (ಎಡಗೈ ಡಗ್ಗಾ) ಕೇಳ್ಸೋದೇ ಇಲ್ಲ. ಗೆಳೆಯರು ಹಳೇ ಮಾಲು ತಗದು ಒಗಿ, 12 ಇಂಚಿಂದು ಹೊಸ ವೂಫರ್ ಹಾಕು, ಟ್ವೀಟರ್ ಬ್ಯಾರೆ ಹಾಕು, 200 ವ್ಯಾಟಿನ ಆಂಪ್ಲಿಫೈಯರ್ ತಗೊ ಅನ್ಲತ್ತಾರ. ನೀವೇನಂತೀರಿ?

ಉತ್ತರ (ಸ್ಪೀಕರ್ ಉಸ್ತಾದ್, ಬೀದರ್):
ಸರ್, ಮೊದಲ ಮಾತು, ಏನೂ ಒಗೀಬ್ಯಾಡ್ರಿ, ನಿಮ್ಮ ಗೆಳೆಯರಿಗಿ ಚಾ ಕುಡಿಸಿ ಕಳಸ್ರಿ. ನಲವತ್ತು ವರ್ಷದ ಸ್ಪೀಕರ್‌ದಾಗ ಖರಾಬ್ ಆಗೋದು ಸಾಮಾನ್ಯ ಎರಡೇ, ಅಂಚಿನ ಫೋಮ್ ಮತ್ತ ಒಳಗಿನ ಕೆಪಾಸಿಟರ್. ಮ್ಯಾಗ್ನೆಟ್, ಪರ್ದಾ ಆಡಿಸೋ ತಂತಿ ಸುರುಳಿ ಅಂದ್ರ ಕಾಯಿಲ್, ಕಾಗದದ ಪರ್ದಾ, ಸಾಗವಾನಿ ಪೆಟ್ಟಿಗಿ, ಇವೆಲ್ಲ ಇನ್ನೂ ನಲವತ್ತು ವರ್ಷ ನಡೀತಾವ. ಎಷ್ಟು ಹಾಳಾಗ್ಯಾದೋ ಅಷ್ಟನ್ನೇ ಬದಲಿಸ್ರಿ, ಎಲ್ಲಾ ಬದಲಿಸಿದ್ರ ಅದು ಅಪ್ಪಾರ ಸ್ಪೀಕರ್ ಹೆಂಗಾಗ್ತದ, ಅವರ ಪೆಟ್ಟಿಗ್ಯಾಗ ಕುಂತ ಬಾಡಿಗಿ ಮಂದಿ ಆಗ್ತದ.

ಫೋಮ್ ಬಳಸಿದ್ರೂ ಸಾಯ್ತದ ಬಳಸದಿದ್ರೂ ಸಾಯ್ತದ. ಅದು ಪಾಲಿಯುರಿಥೇನ್, ಗಾಳ್ಯಾಗಿನ ತೇವ ತಗೊಂಡು ಒಳಗಿಂದೊಳಗೇ ಮುರೀತಾ ಹೋಗ್ತದ, ಹತ್ತು ಇಪ್ಪತ್ತು ವರ್ಷಕ್ಕ ಮುಗೀತದ. ಅಟ್ಟದ ಮ್ಯಾಲ ನಮ್ಮ ಏಪ್ರಿಲ್-ಮೇ ಬಿಸಿಲಂದ್ರ ಕೇಳೋದೇ ಬ್ಯಾಡ, ಇನ್ನೂ ಜಲ್ದಿ. ಜಾತ್ರ್ಯಾಗ ಹಚ್ಚೋ ದೊಡ್ಡ ಸ್ಪೀಕರ್ ನೋಡ್ರಿ, ಅದರ ಅಂಚಿಗಿ ನಿರಿಗಿ ನಿರಿಗಿ ಮಡಚಿದ ಬಟ್ಟಿ ಇರ್ತದ, ಅದು ಮುಪ್ಪಾಗೋದೇ ಇಲ್ಲ. ಆದ್ರ ಬಟ್ಟಿ ಬಿರುಸು, ಫೋಮ್ ಮೆತ್ತಗ, ಪರ್ದಾ ಹಿಂದ ಮುಂದ ಸಲೀಸ್ ಆಡ್ತದ, ಸಣ್ಣ ಪೆಟ್ಟಿಗ್ಯಾಗಿಂದ ಬೇಸ್ ಬರ್ಲಿ ಅಂತ ಆ ಕಾಲಕ್ಕ ಫೋಮೇ ಹಚ್ಚಿದ್ರು.

ನಿಮ್ಮ ಬಾಯಾ ಯಾಕ ಹೋಯ್ತು ಅಂದ್ರ ಇದೇ ಕಾರಣ. ಫೋಮ್ ಇದ್ದ ಜಾಗದಾಗ ದಪ್ಪ ರಬ್ಬರ್ ಹಚ್ಯಾರ, ಪರ್ದಾಕ್ಕ ಬಿಗಿ ಲುಂಗಿ ಉಡಿಸಿದಂಗ ಆಯ್ತು, ಆಡ್ಲಿಕ್ಕಿ ಆಗೋದಿಲ್ಲ, ಸ್ಪೀಕರ್ ತನ್ನಷ್ಟಕ್ಕ ಗುಂಯ್ ಅನ್ನೋ ಫ್ರೀಕ್ವೆನ್ಸಿ ಮ್ಯಾಲ ಏರ್ತದ, ಅದಕ್ಕಿಂತ ಕೆಳಗಿನ ಬೇಸ್ ತೆಳುವಾಗ್ತದ. ಅದನ್ನ ತಗೀರಿ, ಎರಡಕ್ಕೂ ಒಂದೇ ಅಳತಿ ಒಂದೇ ಥರದ ಫೋಮ್ ಹಚ್ಚಿಸ್ರಿ. ಒಂದಕ್ಕೊಂದು ಬ್ಯಾರೆ ಇದ್ರ ಗಾಯಕ ನಡುವ ಕುಂದ್ರೋದಿಲ್ಲ, ಒಂದು ಕಡಿ ಸರೀತಾನ.

ಪ್ರಶ್ನೆ (ಕಲಬುರಗಿ):
ನಾನೇ ಹಚ್ಬಹುದೇನ್ರಿ? ಕೈ ಜರಾ ಕುಶಲ ಅದ, ಸೋಲ್ಡರಿಂಗ್ ಬರ್ತದ. ಮತ್ತ ಕಾಯಿಲ್ ಸುಟ್ಟದೋ ಇಲ್ಲೋ ಹೆಂಗ್ ತಿಳೀತದ?

ಉತ್ತರ (ಉಸ್ತಾದ್):
ಸೋಲ್ಡರಿಂಗ್ ಬರೋರಿಗಿ ಇದೂ ಬರ್ತದ, ಆದ್ರ ಪುರ್ಸೊತ್ತು ಬೇಕು, ಒಂದು ಐತವಾರ ಸಾಲಂಗಿಲ್ಲ.

ಮೊದಲು ಮಲ್ಟಿಮೀಟರ್ ತಗೊಂಡು ಎರಡೂ ವೂಫರ್ ಓಮ್ ನೋಡ್ರಿ. 8 ಓಮ್ ಅಂತ ಬರೆದಿದ್ದು ಮೀಟರಿಗಿ ಐದೂವರೆಯಿಂದ ಏಳು ತೋರ್ಸ್ತದ, ಗಾಬರಿ ಆಗಬ್ಯಾಡ್ರಿ, ಡಿಸಿ ಓಮ್ ಯಾವಾಗ್ಲೂ ಕಡಿಮಿನೇ. ಏನೂ ತೋರ್ಸ್ಲಿಲ್ಲ ಅಂದ್ರ ಕಾಯಿಲ್ ಕಟ್. ಆಮ್ಯಾಲ ಎರಡೂ ಕೈ ಬೆರಳು ಪರ್ದಾದ ಎರಡು ಕಡಿ ಇಟ್ಟು ಮೆಲ್ಲಕ ಒಳಗ ಒತ್ರಿ, ಕರ್ ಕರ್ ಅಂತ ಉಜ್ಜಿದ ಸಪ್ಪಳ ಬಂದ್ರ ಕಾಯಿಲ್ ಮ್ಯಾಗ್ನೆಟಿಗಿ ತಾಗ್ಲತ್ತದ. ಫೋಮ್ ಪೂರ್ತಿ ಹೋದ ಮ್ಯಾಲ ಪರ್ದಾ ಜೋತು ಬೀಳ್ತದ, ಅದಕ್ಕ ಈಗ ಸ್ವಲ್ಪ ಉಜ್ಜಿದ್ರೂ ಹೊಸ ಫೋಮ್ ಹಚ್ಚಿದಾಗ ಸರಿಯಾಗ್ಬಹುದು. ಆದ್ರ ಹಂಗೇ ಜೋರ್ ಹಚ್ಚಿ ಕೇಳಬ್ಯಾಡ್ರಿ, ನಿಜವಾಗಿ ಕಾಯಿಲ್ ಸಾಯೋದು ಆವಾಗ.

ಹಳೇ ಫೋಮ್ ಪರ್ದಾದ ಮ್ಯಾಲಿಂದ ಅಂಟಿಸ್ಯಾರೋ ಹಿಂದಿಂದ ಅಂಟಿಸ್ಯಾರೋ ನೋಡಿ ಒಂದು ಫೋಟೋ ಹೊಡ್ಕೊಳ್ರಿ, ಆಮ್ಯಾಲ ನೆನಪಾಗಂಗಿಲ್ಲ. ಅಂಚು ಕೆರೀಲಿಕ್ಕಿ ಐಸೋಪ್ರೊಪೈಲ್ ಆಲ್ಕೊಹಾಲ್ ಹತ್ತಿಗಿ ಹಚ್ಚಿ ತಗೀರಿ, ಥಿನ್ನರ್ ಬ್ಯಾಡೇ ಬ್ಯಾಡ, ಪರ್ದಾದ ಮ್ಯಾಲಿನ ಲೇಪ ಕರಗಿ ಹೋಗ್ತದ. ಅಳತಿ ಮೂರು ಬೇಕು, ಪರ್ದಾದ ವ್ಯಾಸ, ಫ್ರೇಮಿನ ಒಳಗಿನ ವ್ಯಾಸ, ಫೋಮ್ ಅಂಟೋ ಹೊರಗಿನ ವ್ಯಾಸ. 8 ಇಂಚು ಅಂತಷ್ಟೇ ಹೇಳಿ ತರಿಸಿದ್ರ ಬರಂಗಿಲ್ಲ, 8 ಇಂಚಿನಾಗ ಹತ್ತು ಥರ ಅವ.

ಈಗ ಮುಖ್ಯ ಕೆಲಸ. ಪರ್ದಾದ ನಡುವಿನ ಡಸ್ಟ್ ಕ್ಯಾಪ್ (ಧೂಳು ತಡಿಯೋ ಮುಚ್ಚಳ) ಬ್ಲೇಡಿಲೆ ಸುತ್ತ ಕತ್ತರಿಸಿ ಎತ್ರಿ, ಒಳಗ ಕಾಯಿಲ್ ಮತ್ತ ನಡುವಿನ ಕಬ್ಬಿಣದ ನಡುವ ಕೂದಲಿನಷ್ಟು ಸಂದಿ ಇರ್ತದ. ಅಲ್ಲಿ ಹಳೇ ಎಕ್ಸ್‌ರೇ ಹಾಳಿ ಕತ್ತರಿಸಿ ನಾಲ್ಕು ಪಟ್ಟಿ ನಾಲ್ಕು ದಿಕ್ಕಿಗಿ ಸೇರಿಸ್ರಿ, ಕಾಯಿಲ್ ಸರಿ ನಡುವ ನಿಲ್ತದ. ಹಳೇ ಎಕ್ಸ್‌ರೇ ಎಲ್ಲಾರ ಮನ್ಯಾಗೂ ಇರ್ತದ, ಯಾರ ಮೊಣಕಾಲರೆ ನೋವಾಗಿರ್ತದ. ಒಂದು ಪಟ್ಟಿ ಸಡಿಲ ಅನ್ನಿಸಿದ್ರ ಎರಡು ಸೇರಿಸ್ರಿ, ಒತ್ತಾಯ ಬ್ಯಾಡ. ಮೊದಲು ಫೋಮ್ ಪರ್ದಾಕ್ಕ ಅಂಟಿಸಿ ರಾತ್ರಿ ಬಿಡ್ರಿ, ಮರುದಿನ ಫ್ರೇಮಿಗಿ ಅಂಟಿಸ್ರಿ, ಮತ್ತೊಂದು ರಾತ್ರಿ ಬಿಡ್ರಿ, ಆಮ್ಯಾಲ ಪಟ್ಟಿ ತಗೀರಿ. ಕಾಗದದ ಪರ್ದಾಕ್ಕ ಬಿಳಿ ಫೆವಿಕಾಲ್ ಸಾಕು, ತಪ್ಪಾದ್ರ ಒಣಗೋದ್ರೊಳಗ ಸರಿಸಬಹುದು, ಫಟ್ಟಂತ ಹಿಡಿಯೋ ಗೋಂದು ಹಚ್ಚಿದ್ರ ಸರಿಸ್ಲಿಕ್ಕಿ ಬರಂಗಿಲ್ಲ. ಕೂಡಿಸಿದ ಮ್ಯಾಲ ಮೊಬೈಲ್‌ದಾಗ 30 ಹರ್ಟ್ಜ್ ಟೋನ್ ತಗದು ಸಣ್ಣ ವಾಲ್ಯೂಮಿನಾಗ ಬಿಡ್ರಿ, ಪರ್ದಾ ಆಡ್ತದ ಆದ್ರ ಉಜ್ಜೋ ಸಪ್ಪಳಿಲ್ಲ ಅಂದ್ರ ಗೆದ್ರಿ.

ಪ್ರಶ್ನೆ (ಯಾದಗಿರಿ):
ನಡುವ ಬಾಯಿ ಹಾಕ್ಲತ್ತೀನಿ, ಕ್ಷಮಿಸ್ರಿ. ನಮ್ಮ ಮುತ್ಯಾಂದು ವಾಲ್ವ್ ರೇಡಿಯೋ ಅದ, ಅದರ ಸ್ಪೀಕರ್ ಪರ್ದಾ ಒಂದು ಕಡಿ ಹರದದ. ಮ್ಯಾಗ್ನೆಟ್ ಬಿಚ್ಚಿ ಸ್ವಚ್ಛ ಮಾಡ್ಲೇನ್ರಿ? ನಾ ಸಾಲಿ ಟೀಚರ್, ಈ ಕೆಲಸದ ಗಂಧಿಲ್ಲ.

ಉತ್ತರ (ಉಸ್ತಾದ್):
ಅಕ್ಕೋರೆ, ಮ್ಯಾಗ್ನೆಟ್ ಮಾತ್ರ ಬಿಚ್ಚಬ್ಯಾಡ್ರಿ. ಆ ಕಾಲದ್ದು ಬಹಳಷ್ಟು ಅಲ್ನಿಕೊ, ಅಲ್ಯುಮಿನಿಯಂ ನಿಕಲ್ ಕೋಬಾಲ್ಟ್ ಕೂಡಿಸಿ ಮಾಡಿದ್ದು, ಅದನ್ನ ತನ್ನ ಕಬ್ಬಿಣದ ಮನಿಯಿಂದ ಹೊರಗ ತಗದ್ರ ಶಕ್ತಿ ಇಳೀತದ, ತಿರುಗಿ ಹಾಕಿದ್ರೂ ಬರಂಗಿಲ್ಲ, ಮತ್ತ ಮ್ಯಾಗ್ನೆಟೈಸ್ ಮಾಡಿಸ್ಬೇಕಾಗ್ತದ. 1970ರ ದಶಕದ ಕೊನಿಗಿ ಆಫ್ರಿಕಾದ ಜೈರ್‌ದಾಗ (ಈಗಿನ ಕಾಂಗೋ) ಗಲಾಟೆ ಆಗಿ ಕೋಬಾಲ್ಟ್ ರೇಟು ಆಕಾಶಕ್ಕ ಹೋಯ್ತು, ಆಮ್ಯಾಲ ಕಂಪನ್ಯವರು ಫೆರೈಟ್ ಮ್ಯಾಗ್ನೆಟ್ ಹಿಡದ್ರು, ಅದಕ್ಕೇ ಹಳೇ ಅಲ್ನಿಕೊಕ್ಕ ಈಗ ಇಷ್ಟು ಹುಚ್ಚು.

ಹರದ ಪರ್ದಾಕ್ಕ ತೆಳು ಟಿಶ್ಯೂ ಪೇಪರ್ ಕತ್ತರಿಸದೆ ಕೈಲೆ ಹರೀರಿ, ಹರದ ಅಂಚು ಚೊಲೊ ಅಂಟ್ತದ, ಫೆವಿಕಾಲಿಗಿ ಅರ್ಧ ನೀರು ಕೂಡಿಸಿ ಹಿಂದಿನ ಕಡಿಯಿಂದ ಹಚ್ರಿ. ದಪ್ಪ ಪ್ಯಾಚ್ ಬ್ಯಾಡ, ತೂಕ ಆಗ್ತದ. ಇನ್ನೊಂದು, ಆ ರೇಡಿಯೋ ಒಳಗ 200ಕ್ಕಿಂತ ಹೆಚ್ಚು ವೋಲ್ಟ್ ಡಿಸಿ ಇರ್ತದ, ಪ್ಲಗ್ ತಗದ ಮ್ಯಾಲೂ ಕೆಪಾಸಿಟರ್‌ದಾಗ ಕುಂತಿರ್ತದ. ಸ್ಪೀಕರ್ ಬಿಚ್ಚೋ ಕೆಲಸ ವಾಲ್ವ್ ತಿಳಿದೋರ ಕೈಲೆ ಮಾಡಿಸ್ರಿ, ಪ್ಯಾಚ್ ನೀವು ಹಚ್ರಿ.

ಪ್ರಶ್ನೆ (ಕಲಬುರಗಿ):
ಮೀಟರ್ ನೋಡ್ದೆ, ಎರಡೂ 6.2 ಬಂತು! ಟ್ವೀಟರ್ ಹಿಂದ ಎಡಿ 0160/ಟಿ8 ಅಂತ ಬರದದ, ಅದರ ಕೂಡ ಒಂದು ಕೆಪಾಸಿಟರ್, 4.7 ಎಂಎಫ್‌ಡಿ (ಮೈಕ್ರೊಫ್ಯಾರಡ್). ಇದನ್ನ ಬದಲಿಸ್ಬೇಕೇನು? ಮತ್ತ 12 ಇಂಚಿನ ವಿಷಯ ನೀವು ಹೇಳ್ಲೇ ಇಲ್ಲ.

ಉತ್ತರ (ಉಸ್ತಾದ್):
ವಾಹ್, ಅದು ಫಿಲಿಪ್ಸ್ ಟ್ವೀಟರ್, ಟಿ ಅಂದ್ರ ಟ್ವೀಟರ್ 8 ಅಂದ್ರ 8 ಓಮ್. ಭಾಳ ಚೊಲೊ ಮಾಲು, ಗುಮ್ಮಟಕ್ಕ ಬೆರಳು ಹಚ್ಚಬ್ಯಾಡ್ರಿ ಮಕ್ಕಳಿಗೂ ಹಚ್ಚಗೊಡಬ್ಯಾಡ್ರಿ, ಒಳಗ ಚಪ್ಪಟಿ ಆದ್ರ ಮುಗೀತು.

ಕೆಪಾಸಿಟರ್ ಹೌದು, ಬದಲಿಸ್ರಿ. 4.7 ಎಂಎಫ್‌ಡಿ 8 ಓಮಿಗಿ ಹಚ್ಚಿದ್ರ ಲೆಕ್ಕದ ಪ್ರಕಾರ ಸುಮಾರು 4200 ಹರ್ಟ್ಜ್‌ಕ್ಕಿಂತ ಮ್ಯಾಲಿಂದಷ್ಟೇ ಟ್ವೀಟರಿಗಿ ಸಲೀಸ್ ಹೋಗ್ತದ, ಕೆಳಗಿಂದು ವೂಫರಿಗಿ ಉಳೀತದ. ನಲವತ್ತು ವರ್ಷದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗ ಒಣಗಿ ಅದರ ಎಂಎಫ್‌ಡಿ ಅತ್ತಿತ್ತ ಆಗಿರ್ತದ, ಆಗ ಸಿತಾರಿನ ಮಿಜರಾಬದ (ಬೆರಳಿಗಿ ಹಾಕೋ ತಂತಿ ಉಗುರು) ಏಟು ಮಬ್ಬಾಗ್ತದ. ಅಷ್ಟೇ ಎಂಎಫ್‌ಡಿಂದು ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ 100 ವೋಲ್ಟ್ ಅಥವಾ 250 ವೋಲ್ಟಿಂದು ತರಿಸ್ರಿ, ಹೈದರಾಬಾದ್ ಕೋಠಿ ಗುಜರಾತಿ ಗಲ್ಲ್ಯಾಗ ಕೇಳ್ರಿ. ಹಚ್ಚಿದ ಮ್ಯಾಲ ಜರಾ ಜಾಸ್ತಿ ಚೂಪು ಅನ್ನಿಸ್ತಂದ್ರ ಅದರ ಸಾಲಿನಾಗ (ಸೀರೀಸ್) ಒಂದು ಓಮಿನ ರೆಸಿಸ್ಟರ್ ಹಚ್ರಿ, ಹಳೇದ್ರ ಒಳಗಿನ ಅಡೆತಡೆ ಹೊಸದ್ರಾಗ ಇರಂಗಿಲ್ಲ, ಅದಕ್ಕ. ಪ್ಲಸ್ ಮೈನಸ್ ಇರೋ ಸಾದಾ ಕೆಪಾಸಿಟರ್ ಒಂದೇ ಹಚ್ಚಬ್ಯಾಡ್ರಿ, ತೀರಾ ಸಿಗಲಿಲ್ಲ ಅಂದ್ರ 10 ಎಂಎಫ್‌ಡಿಂದು ಎರಡು ತಗೊಂಡು ಮೈನಸ್‌ಗೆ ಮೈನಸ್ ಕೂಡಿಸಿದ್ರ 5 ಆಗ್ತದ, ಒಂದು ವಾರದ ಮಟ್ಟಿಗಿ ನಡೀತದ.

12 ಇಂಚಿನ ಮಾತು. ನಿಮ್ಮ ಪೆಟ್ಟಿಗಿ ಒಳಗಿನ ಉದ್ದ ಅಗಲ ಆಳ ಸೆಂಟಿಮೀಟರಿನಾಗ ಅಳದು ಗುಣಿಸಿ ಸಾವಿರದಿಂದ ಭಾಗಿಸ್ರಿ, ಲೀಟರ್ ಬರ್ತದ. 50, 30, 25 ಇದ್ರ 37 ಲೀಟರ್ ಚಿಲ್ಲರೆ. 8 ಇಂಚಿಗಿ ಅದು ಸಮ. ಅದ್ರಾಗ 12 ಇಂಚು ತುರುಕಿದ್ರ ಗೂಡಿನಾಗ ಕೋಣ ಕಟ್ಟಿದಂಗ, ಗುದ್ದು ಬರ್ತದ ಆದ್ರ ಸ್ವರ ಬರಂಗಿಲ್ಲ. ಅಷ್ಟು ಆಸೆ ಇದ್ರ ಬಡಿಗ್ಯಾರ ಕಡಿಯಿಂದ ಬ್ಯಾರೆ ಪೆಟ್ಟಿಗಿ ಮಾಡಿಸ್ರಿ, ಅಪ್ಪಾರ ಸಾಗವಾನಿ ಕೊರಸಬ್ಯಾಡ್ರಿ. 200 ವ್ಯಾಟ್ ಅಂತೂ ಮರೀರಿ. ವ್ಯಾಟ್ ಎರಡು ಪಟ್ಟು ಮಾಡಿದ್ರ ಆವಾಜ್ 3 ಡಿಬಿ (ಡೆಸಿಬೆಲ್) ಅಷ್ಟೇ ಏರ್ತದ, ಖೋಲ್ಯಾಗ ಕುಂತು ಕೇಳ್ಲಿಕ್ಕಿ 30 ವ್ಯಾಟಿಂದು ಸ್ವಚ್ಛ ಆಂಪ್ಲಿಫೈಯರ್ ಸಾಕೋ ಸಾಕು. ಸಣ್ಣದನ್ನ ಪೂರ್ತಿ ತಿರುವಿ ಒಡದ ಆವಾಜ್ ಬರಂಗ ಹಚ್ಚಿದ್ರ ಮಾತ್ರ ಟ್ವೀಟರ್ ಸುಡ್ತದ.

ಪ್ರಶ್ನೆ (ಕಲಬುರಗಿ):
ಒಪ್ಪಿದೆ. ಇನ್ನ ಖೋಲಿ ಹೇಳ್ರಿ, 12 ಫೂಟ್ 14 ಫೂಟ್, ಕೆಳಗ ಶಹಾಬಾದ್ ಫರ್ಶಿ, ಮ್ಯಾಲ ಸ್ಲ್ಯಾಬ್, ಗೋಡಿ ಸುಣ್ಣ. ಮಾತಾಡಿದ್ರ ಗುಂಬಜ್‌ದಾಗ ನಿಂತಂಗ ಆಗ್ತದ.

ಉತ್ತರ (ಉಸ್ತಾದ್):
ಆಗ್ಲೇಬೇಕಲ್ರಿ, ಫರ್ಶಿ ಆವಾಜ್ ಒಂದು ಚೂರೂ ನುಂಗಂಗಿಲ್ಲ, ಎಲ್ಲಾ ವಾಪಸ್ ಕೊಡ್ತದ. ಬಜಾರದಾಗಿನ ಬಣ್ಣ ಬಣ್ಣದ ಫೋಮ್ ಚೌಕಕ್ಕ ರೊಕ್ಕ ಹಾಕಬ್ಯಾಡ್ರಿ, ಮನ್ಯಾಗ ಅವ್ವಾರು ಹೊಲಿದ ಕೌದಿ ಇಲ್ಲೇನು? ನಾಲ್ಕೈದು ಪದರ ಹಳೇ ಸೀರಿ, ಅದಕ್ಕಿಂತ ಚೊಲೊ ಮಾಲು ಇಲ್ಲ. ಗೋಡಿಗಿ ಹಚ್ಚಿ ಬಡೀಬ್ಯಾಡ್ರಿ, ಮೂರು ನಾಲ್ಕು ಇಂಚು ಬಿಟ್ಟು ಕೋಲಿಗಿ ತೂಗ ಹಾಕ್ರಿ, ಹಿಂದಿನ ಸಂದಿ ಇದ್ದಷ್ಟು ಕೆಳಗಿನ ಸ್ವರಾನೂ ನುಂಗ್ತದ. ಎಲ್ಲಿ ಹಾಕ್ಬೇಕು ಅಂದ್ರ, ನೀವು ಕುಂದ್ರೋ ಜಾಗದಾಗ ಕುಂದ್ರಿ, ಮಗನ ಕೈಯಾಗ ಕನ್ನಡಿ ಕೊಟ್ಟು ಬದಿ ಗೋಡಿಗುಂಟ ಸರಿಸ್ಲಿಕ್ಕಿ ಹೇಳ್ರಿ, ಕನ್ನಡ್ಯಾಗ ಸ್ಪೀಕರ್ ಕಂಡಲ್ಲಿ ಕೌದಿ. ಎರಡೂ ಗೋಡಿಗಿ ಹಿಂಗೇ. ಕೆಳಗ ಜಮಖಾನ.

ಬೇಸ್ ಮಾತ್ರ ಕೌದಿಗಿ ಕೇಳಂಗಿಲ್ಲ. 12 ಫೂಟಿನ ಗೋಡಿ ನಡುವ 47-48 ಹರ್ಟ್ಜ್ ಹತ್ರ ಗುಂಯ್ ಅಂತ ನಿಲ್ತದ, ಅದಕ್ಕ ಮೂಲ್ಯಾಗ ಹತ್ತಿ ಗಾದಿ ಸುತ್ತಿ ನಿಲ್ಲಿಸ್ರಿ, ಸ್ಪೀಕರ್ ಗೋಡಿಯಿಂದ ಎರಡು ಫೂಟ್ ಮುಂದ ತರ್ರಿ. ಪೂರ್ತಿ ಹೋಗಂಗಿಲ್ಲ, ಕಡಿಮಿ ಆಗ್ತದ. ಫರ್ಶಿ ಒಂದು ಕಡಿ ವೈರಿ ಆದ್ರೂ ಇನ್ನೊಂದು ಕಡಿ ದೋಸ್ತ, ಉಳದ ಒಂದು ತುಂಡು ಸ್ಟ್ಯಾಂಡಿನ ಮ್ಯಾಲಿಟ್ಟು, ನಡುವ ಸೈಕಲ್ ಟ್ಯೂಬಿನ ರಬ್ಬರ್ ತುಂಡಿಟ್ಟು ಅದರ ಮ್ಯಾಲ ಸ್ಪೀಕರ್ ಇಡ್ರಿ, ಅಲುಗಂಗಿಲ್ಲ.

ಪ್ರಶ್ನೆ (ಕಲಬುರಗಿ), ಇಪ್ಪತ್ತು ದಿನ ಆದ ಮ್ಯಾಲ:
ಉಸ್ತಾದ್ರ, ಎಲ್ಲಾ ಹೇಳಿದಂಗ ಮಾಡ್ದೆ, ಫೋಮ್ ನಾನೇ ಹಚ್ಚಿದೆ, ಒಂದೂ ಉಜ್ಜಂಗಿಲ್ಲ, ಕೆಪಾಸಿಟರ್ ಹೊಸದು, ಮೂರು ಕೌದಿ ಕಟ್ಟಿದೆ. ಆದ್ರ ಮಲ್ಲಿಕಾರ್ಜುನ ಮನ್ಸೂರರ ಹಾಡು ಹಚ್ಚಿದ್ರ ದನಿ ಎಲ್ಲಿಂದ ಬರ್ಲತ್ತದೋ ತಿಳೀವಲ್ದು, ಬೇಸೂ ಇಲ್ಲ. ಒಂದೊಂದೇ ಹಚ್ಚಿದ್ರ ಎರಡೂ ಚೊಲೊ ಅವ, ಕೂಡಿ ಹಚ್ಚಿದ್ರ ತೆಳು. ನನ್ನ ತಲಿ ಕೆಟ್ಟದ.

ಉತ್ತರ (ಉಸ್ತಾದ್):
ನಗು ಬರ್ಲತ್ತದ ಸರ್, ಬೇಸರ ಮಾಡ್ಕೊಬ್ಯಾಡ್ರಿ. ಒಂದೊಂದೇ ಚೊಲೊ, ಕೂಡಿದ್ರ ತೆಳು, ಅಂದ್ರ ಒಂದು ವೂಫರ್ ಹೊರಗ ಬಂದಾಗ ಇನ್ನೊಂದು ಒಳಗ ಹೋಗ್ಲತ್ತದ, ಒಂದರ ಬೇಸ್ ಇನ್ನೊಂದು ತಿಂತದ. ಆಂಪ್ಲಿಫೈಯರಿನಿಂದ ವೈರ್ ಬಿಚ್ಚಿ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ತಗೊಳ್ರಿ, ಪ್ಲಸ್ ಕೆಂಪಿಗಿ ಮೈನಸ್ ಕಪ್ಪಿಗಿ ಒಂದು ಚಣ ತಾಗಿಸ್ರಿ, ಎರಡೂ ಪರ್ದಾ ಹೊರಗೇ ಜಿಗೀಬೇಕು. ವೂಫರ್ ತಿರುಗಿ ಹಾಕೋ ಮುಂದ ವೈರ್ ಅದಲು ಬದಲು ಆಗಿರ್ತದ.

ಪ್ರಶ್ನೆ (ಕಲಬುರಗಿ):
ಉಲ್ಟಾನೇ ಇತ್ರಿ! ಎಡಗಡಿದು ಒಳಗ ಹೋಗ್ತಿತ್ತು, ತಿರುವಿ ಹಚ್ಚಿದೆ. ಈಗ ಬಾಯಾ ಬಾರಿಸಿದಾಗೊಮ್ಮೆ ಕಿಟಕಿ ಗಾಜು ಗದಗದ ಅನ್ಲತ್ತದ, ಕೆಳಗಿಂದ ಮನಿಯವರು ಬೈಲತ್ತಾರ.

ಉತ್ತರ (ಉಸ್ತಾದ್):
ಗಾಜಿನ ಅಂಚಿಗಿ ಪುಟ್ಟಿ ಹಚ್ರಿ. ಬೈಗಳಕ್ಕ ನಮ್ಮಲ್ಲಿ ಸ್ಪೇರ್ ಪಾರ್ಟಿಲ್ಲ.